ಡಾರ್ಕಸಳ ಮಗಳ ವಯಸ್ಸು

ಅಮೆರಿಕದ ನ್ಯಾಚೆಜ್ ಊರಿನ ಅಡುಗೆಯ ಡಾರ್ಕಸ್‌ಗೆ ಕೋರ್ಟಿನ ಕಡೆಯಿಂದ ಬರುವ ಕುದುರೆಗಳನ್ನೆಲ್ಲ ಗೊರಸಿನ ಸದ್ದಿನಲ್ಲೇ ಗುರುತಿಸಲು ಬರುತ್ತಿತ್ತು. ಒಡೆಯ ತನ್ನ ಸಾಲಕ್ಕೆ ಈ ಗುಲಾಮ ಹೆಂಗಸನ್ನು ಅಡವಿಟ್ಟಿದ್ದ. ಸಾಲ ಕೊಟ್ಟ ಹತ್ತಿ ವ್ಯಾಪಾರಿ ಅವಳಿಗಾಗಿ ದಾವೆ ಹೂಡಿದ್ದ. ಅಂದಿನಿಂದ ಅವಳು ಕೂತರೆ ಬೆಂಚಿನ ತುದಿಯಲ್ಲಿ, ಮಲಗಿದರೆ ತಲೆವಸ್ತ್ರ ಬಿಚ್ಚದೆ. ರೊಟ್ಟಿಯನ್ನು ಒಲೆಯ ಮೇಲೆ ಬಿಟ್ಟು ಬೇಲಿಗೆ ಓಡಿ ಗಾಡಿಯವರನ್ನು, "ಅಣ್ಣಾ, ಜಡ್ಜ್ ಸಾಹೇಬ್ರು ಏನಂದ್ರಂತೆ?" ಎಂದು ಕೇಳುವಳು. "ನಿನ್ನ ರೊಟ್ಟಿ ಸೀದೋಯ್ತು ಅಂದ್ರು ಕಣಕ್ಕಾ," ಎಂದು ಅವರು ನಗುವರು. ಅವಳೂ ನಗುವಳು, ಕಣ್ಣು ಮಾತ್ರ ರಸ್ತೆಯ ಮೇಲೆ. ಅಡವಿಟ್ಟ ಮೇಲೆ ಹುಟ್ಟಿದ ಮಕ್ಕಳು ತಾಯಿಯ ಜೊತೆ ಹೋಗುತ್ತಾರೆ, ಮೊದಲೇ ಹುಟ್ಟಿದವರು ಒಡೆಯನಲ್ಲೇ ಉಳಿಯುತ್ತಾರೆ ಎಂದು ತಿಳಿದ ದಿನ ಅವಳು ನಗಲಿಲ್ಲ. ಅಡವಿಡುವ ಕೆಲವೇ ತಿಂಗಳ ಮೊದಲು ಹುಟ್ಟಿದ್ದ ಮಗಳು ಟೆಂಪಿಯನ್ನು ಒಂದು ವರ್ಷ ಚಿಕ್ಕವಳೆಂದು ಎಲ್ಲರಿಗೂ ಹೇಳತೊಡಗಿದಳು. ಬಿಳಿಯರು ಕಂಡರೆ, "ಬೆನ್ನು ಬಗ್ಸು ಮಗಾ, ಗಿಡ್ಡ ಕಾಣು," ಎಂದು ಪಿಸುಗುಟ್ಟುವಳು. ಒಡೆಯನಿಗೆ ಆ ಮಗು ಯಾವ ವರ್ಷ ಹುಟ್ಟಿತೆಂಬುದೇ ನೆನಪಿರಲಿಲ್ಲ. ಕೊನೆಗೆ ತೀರ್ಪು ವ್ಯಾಪಾರಿಯ ಪರವಾಯಿತು. ತಾಯಿ ಮಗಳಿಬ್ಬರನ್ನೂ ಒಂದೇ ಗಾಡಿಯಲ್ಲಿ ಕೂರಿಸಿದರು. ಊರು ಹಿಂದೆ ಬಿದ್ದಾಗ ಟೆಂಪಿ, "ಅವ್ವಾ, ಬೆನ್ನು ನೋಯ್ತದೆ, ನೆಟ್ಟಗೆ ಕೂರ್ಲಾ?" ಎಂದಳು. ಡಾರ್ಕಸ್ ತಿರುಗಿ ರಸ್ತೆ ನೋಡಿ, "ಇನ್ನೊಂದು ತಿರುವು ದಾಟ್ಲಿ ಮಗಾ," ಎಂದಳು.