ಫ್ರೀಜರಿನಲ್ಲಿ ಕೂತು ಬಂದ ರಕ್ತ

ರಕ್ತ ಸುಳ್ಳು ಹೇಳುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಗಂಭೀರವಾದ ಮಾತು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಂಥದ್ದು. ಆದರೆ ಪೀಣ್ಯದ ನಮ್ಮ ಲ್ಯಾಬಿಗೆ ರಕ್ತ ಬರುತ್ತಿದ್ದುದು ಸ್ಕೂಟರಿನ ಡಿಕ್ಕಿಯಲ್ಲಿ, ಲಾರಿಗಳ ನಡುವೆ, ಗುಂಡಿಗಳ ಮೇಲೆ ಕುಣಿಯುತ್ತ. ಅಷ್ಟು ಕುಣಿದ ಮೇಲೆ ಯಾರು ತಾನೇ ನಿಜ ಹೇಳುತ್ತಾರೆ?

ಆ ಕಾರಣಕ್ಕೇ ನನ್ನನ್ನು ಅಲ್ಲಿ ಕೂರಿಸಿದ್ದರು. ಪರೀಕ್ಷೆ ಮಾಡುವ ಯಂತ್ರ ನನ್ನದಲ್ಲ. ಯಂತ್ರದ ಬಾಗಿಲು ನನ್ನದು. ಬಂದ ಪ್ರತಿ ಟ್ಯೂಬನ್ನೂ ಬೆಳಕಿಗೆ ಹಿಡಿದು, ಹೆಸರಿದೆಯೇ, ರಕ್ತ ಸಾಕಷ್ಟಿದೆಯೇ, ದಾರಿಯಲ್ಲಿ ಕೆಟ್ಟಿದೆಯೇ ಎಂದು ವಿಚಾರಿಸಿ ಒಳಗೆ ಬಿಡಬೇಕು, ಇಲ್ಲವೇ ವಾಪಸ್ ಕಳಿಸಬೇಕು. ಮದುವೆಮನೆಯ ಬಾಗಿಲಲ್ಲಿ ಪನ್ನೀರು ಎರಚುವವನಷ್ಟೇ ಘನವಾದ ಹುದ್ದೆ. ನನಗೆ ಮಾತ್ರ ನೆಂಟರನ್ನು ಹೊರಗೆ ಹಾಕುವ ಅಧಿಕಾರವೂ ಇತ್ತು.

ಒಂದು ಬೆಳಗ್ಗೆ ಬಂದ ಟ್ಯೂಬೊಂದನ್ನು ರಕ್ತದ ತಿಳಿ ಬೇರೆ ಮಾಡುವ ತಿರುಗುಯಂತ್ರಕ್ಕೆ ಹಾಕಿ ಗಿರ್ರನೆ ತಿರುಗಿಸಿ ತೆಗೆದೆ. ಮೇಲೆ ಒಣಹುಲ್ಲಿನ ಬಣ್ಣದ ತಿಳಿನೀರು ನಿಲ್ಲಬೇಕಿತ್ತು. ನಿಂತದ್ದು ಕಲ್ಲಂಗಡಿ ಹಣ್ಣಿನ ರಸ. ಹೆಸರು ನೋಡಿದೆ. ನಮ್ಮ ಕಟ್ಟಡದ ಯಜಮಾನರದು! ಅವರದು ಈ ಬಡಾವಣೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇರುವ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಕಟ್ಟಡಗಳು ಬೆಳೆದಿವೆ, ಅವುಗಳಲ್ಲೊಂದರ ಮೊದಲ ಮಹಡಿಯಲ್ಲಿ ನಾವು. ಮರುದಿನ ಅವರಿಗೆ ಹರ್ನಿಯಾ ಆಪರೇಷನ್. ಅದಕ್ಕೆ ಮೊದಲು ಆಸ್ಪತ್ರೆಗೆ ರಕ್ತದ ವರದಿ ತಲುಪಬೇಕು.

ಮನೆಮನೆಗೆ ಹೋಗಿ ರಕ್ತ ತರುವ ಅಕ್ಕನನ್ನು ಕರೆದೆ. "ಏನಕ್ಕಾ ಇದು?"

"ಅವ್ರ ಮನೆಗೇ ಮೊದ್ಲು ಹೋದೆ ಸಾರ್, ದೊಡ್ಡೋರಲ್ವಾ. ಆಮೇಲೆ ಅದೇ ಬೀದೀಲಿ ಇನ್ನೂ ಮನೆಗಳಿದ್ವು. ಅಮ್ಮಾವ್ರು, 'ಯಜಮಾನ್ರ ರಕ್ತಾನ ಬಿಸ್ಲಲ್ಲಿ ಮೆರೆಸ್ತೀಯಾ? ಇಲ್ಲೇ ಇಟ್ಟೋಗು' ಅಂತ ಇಸ್ಕೊಂಡು ಫ್ರೀಜರ್‌ಗೆ ಇಟ್ಬಿಟ್ರು. ಕೋಳಿ ಪಕ್ಕ."

"ವಾಪಸ್ ತಗೊಳ್ಳೋವಾಗ ಹೆಂಗಿತ್ತು?"

"ಕಲ್ಲಾಗಿತ್ತು ಸಾರ್. ಅಂಗೈಲಿ ಉಜ್ಜಿ ಉಜ್ಜಿ ಕರಗಿಸ್ಕೊಂಡು ಬಂದೆ."

ಇದಕ್ಕಿಂತ ಹೆಚ್ಚಿನ ಗೌರವವನ್ನು ಯಾವ ರಕ್ತವೂ ಪಡೆದಿರಲಾರದು. ಆದರೆ ಮಂಜುಗಡ್ಡೆಯಾಗಿ ಕರಗಿದ ರಕ್ತದಲ್ಲಿ ಕಣಗಳು ಒಡೆಯುತ್ತವೆ, ಒಳಗೆ ದಾಸ್ತಾನಿದ್ದ ಪೊಟ್ಯಾಶಿಯಂ ಎಂಬ ಲವಣವೆಲ್ಲ ಹೊರಗೆ ಚೆಲ್ಲುತ್ತದೆ. ಯಂತ್ರ ಅದನ್ನೇ ಅಳೆದು, ಈ ಮನುಷ್ಯನ ಹೃದಯ ಇನ್ನೇನು ನಿಲ್ಲುತ್ತದೆ ಎಂದು ಪ್ರಾಮಾಣಿಕವಾಗಿ ಘೋಷಿಸುತ್ತದೆ. ಹೃದಯದ ಮಾಲೀಕರು ಅಷ್ಟೊತ್ತಿಗೆ ಮನೆಯಲ್ಲಿ ಎರಡನೆಯ ಮುದ್ದೆ ಮುರಿಯುತ್ತಿರುತ್ತಾರೆ.

ರಿಜೆಕ್ಟ್ ಮಾಡಿದೆ. ಲ್ಯಾಬಿನ ಡಾಕ್ಟರು ಓಡಿಬಂದರು.

"ಯಜಮಾನ್ರದ್ದೇ ರಿಜೆಕ್ಟಾ? ಏನ್ರೀ ನೀವು!"

"ಕಣ ಒಡೆದಿದೆ ಡಾಕ್ಟ್ರೇ."

"ಕಾಣುತ್ತೆ ಕಣ್ರೀ, ನನಗೂ ಕಣ್ಣಿದೆ. ಮತ್ತೆ ಚುಚ್ತೀವಿ ಅಂದ್ರೆ ನಮ್ಮನ್ನ ಖಾಲಿ ಮಾಡಿಸ್ತಾರೆ ಅಷ್ಟೇ. ಪೊಟ್ಯಾಶಿಯಂ ನಾರ್ಮಲ್ ಅಂತ ಹಾಕಿ ಕಳ್ಸಿ. ಗುಂಡುಕಲ್ಲಿನ ಥರ ಇದಾರೆ, ಅವ್ರಿಗೇನಾಗಿದೆ?"

"ಹಂಗಾದ್ರೆ ಯಂತ್ರ ಯಾಕೆ? ಕಿಟಕೀಲಿ ನಿಂತು ಹೋಗೋಬರೋರನ್ನ ನೋಡಿ ಬರೆದ್ಬಿಡೋಣ."

ಕೆಟ್ಟ ರಕ್ತಕ್ಕೆ ಅಂಕಿ ಕೊಡಬಾರದು ಎಂಬ ಪಾಠವನ್ನು ನನಗೆ ಹೇಳಿಕೊಟ್ಟವರು ಇದೇ ಡಾಕ್ಟರು. ಗುರುವಾಕ್ಯವನ್ನು ಗುರುವಿನಿಂದಲೇ ಕಾಪಾಡುವ ಹೊಣೆ ನನ್ನ ಮೇಲೆ ಬಿತ್ತು. ಯಂತ್ರದ ಮುಂದೆ ಕುರ್ಚಿ ಎಳೆದುಕೊಂಡು ಕೂತೆ.

"ಬೇಕಾದ್ರೆ ನನ್ನನ್ನೇ ರಿಜೆಕ್ಟ್ ಮಾಡಿ. ಈ ಟ್ಯೂಬು ಒಳಗೆ ಹೋಗಲ್ಲ. ಇಲ್ಲದ ಅಂಕಿಗೆ ನನ್ನ ಸಹೀನೂ ಬೀಳಲ್ಲ."

ಡಾಕ್ಟರು ಬೆವರು ಒರೆಸಿಕೊಂಡು ಫೋನ್ ಮಾಡಿದರು. ಯಜಮಾನರು ಖುದ್ದಾಗಿ ಬಂದರು. ಒಂದೇ ಮಹಡಿ ಹತ್ತಿದ್ದಕ್ಕೆ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಉಸ್ಸಪ್ಪಾ... ಆ ಬೀಪಿ ಡಾಕ್ಟ್ರು ಉಚ್ಚೆ ಹೋಗೋ ಮಾತ್ರೆ ಕೊಟ್ಟಾಗಿಂದ ಕಾಲೆಲ್ಲ ಸೋತೋಯ್ತವೆ." ಆಮೇಲೆ ನನ್ನ ಕಡೆ ತಿರುಗಿದರು. "ಪಂಚಾಯ್ತಿಗೆ ನಿಂತಾಗ ನನ್ ನಾಮಿನೇಸನ್ನೇ ರಿಜೆಕ್ಟ್ ಆಗಿರ್ನಿಲ್ಲ. ನನ್ ರಕ್ತ ರಿಜೆಕ್ಟ್ ಮಾಡಾಕೆ ನೀನ್ಯಾವನಯ್ಯ?"

"ನಿಮ್ಮ ರಕ್ತ ಚೆನ್ನಾಗೇ ಇತ್ತು ಯಜಮಾನ್ರೇ. ನಿಮ್ಮನೆ ಫ್ರೀಜರ್‌ನಲ್ಲಿ ಕೋಳಿ ಜೊತೆ ಮಲಗಿ ಕೆಡ್ತು."

"ಕೋಳಿ ಕೆಡ್ನಿಲ್ವಲ್ಲ?"

"ಕೋಳಿಗೆ ನಾಳೆ ಆಪರೇಷನ್ ಇಲ್ಲ."

ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. ಡಾಕ್ಟರು ಛಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಈ ಬಿಲ್ಡಿಂಗು ಯಾರ್ದು ಗೊತ್ತೇನಯ್ಯ?"

"ನಿಮ್ದೇ. ನೆಲ, ಗೋಡೆ, ಮೆಟ್ಲು ಎಲ್ಲಾ ನಿಮ್ದೇ. ಈ ಕುರ್ಚಿ ಇಟ್ಟಿರೋ ಜಾಗ ಮಾತ್ರ ಸದ್ಯಕ್ಕೆ ನನ್ದು."

"ಇನ್ನೊಂದ್ಸಲ ಚುಚ್ಚುಸ್ಕಳಲ್ಲ ಅಂದ್ರೆ?"

"ರಿಪೋರ್ಟ್ ಇಲ್ಲ. ಸುಳ್ಳು ರಿಪೋರ್ಟ್ ಕೊಟ್ರೆ ಅದನ್ನ ನೋಡ್ಕೊಂಡು ಆಸ್ಪತ್ರೆಯೋರು ನಾಳೆ ನಿಮಗೆ ಮತ್ತಿನ ಮದ್ದು ಕೊಡ್ತಾರೆ. ನೀವು ಏಳ್ಲಿಲ್ಲ ಅಂದ್ರೆ ನಮ್ಮನ್ನ ಖಾಲಿ ಮಾಡಿಸೋಕೆ ಬರೋರು ಯಾರು?"

ಅವರು ನನ್ನನ್ನೇ ದಿಟ್ಟಿಸಿದರು. ನಾನೂ ಕಣ್ಣು ತೆಗೆಯಲಿಲ್ಲ. ಕೊನೆಗೆ ಬೆಂಚಿನ ಮೇಲೆ ಕೂತು ತೋಳು ಚಾಚಿದರು.

"ಚುಚ್ಚವ್ವ ಅತ್ಲಾಗೆ. ಈ ಆಸಾಮಿ ಕುರ್ಚಿಯಿಂದ ಏಳಂಗೆ ಕಾಣಲ್ಲ."

ಅಕ್ಕ ಚುಚ್ಚಿದಳು. ಈ ಸಲ ರಕ್ತ ಸ್ಕೂಟರ್ ಹತ್ತಲಿಲ್ಲ, ಫ್ರೀಜರ್ ಕಾಣಲಿಲ್ಲ. ಬೆಂಚಿನಿಂದ ನೇರ ನನ್ನ ಕೈಗೆ ಬಂತು. ತಿರುಗಿಸಿದ ಮೇಲೆ ನಿಂತ ತಿಳಿ ಒಣಹುಲ್ಲಿನ ಬಣ್ಣಕ್ಕಿತ್ತು. ಕುರ್ಚಿ ಸರಿಸಿದೆ.

ಪೊಟ್ಯಾಶಿಯಂ ತೀರ ಕಡಿಮೆ ಬಂತು. ಇನ್ನೊಮ್ಮೆ ಹಾಕಿ ನೋಡಿದೆವು, ಅಷ್ಟೇ ಬಂತು. ಬೀಪಿಗೆಂದು ಕೊಟ್ಟ ಆ ಉಚ್ಚೆ ಮಾತ್ರೆ ಲವಣವನ್ನೆಲ್ಲ ಹೊರಗೆ ಹರಿಸಿತ್ತು, ಹಾಗೇ ಮತ್ತಿನ ಮದ್ದು ಕೊಟ್ಟಿದ್ದರೆ ಹೃದಯವೇ ತಾಳ ತಪ್ಪಬಹುದಿತ್ತು. ಡಾಕ್ಟರು ಆಸ್ಪತ್ರೆಗೆ ಫೋನ್ ಮಾಡಿದರು. ಆಪರೇಷನ್ ಮುಂದಕ್ಕೆ ಹೋಯಿತು, ಬೀಪಿಯ ಮಾತ್ರೆ ಬದಲಾಯಿತು, ಆಮೇಲೆ ಹರ್ನಿಯಾ ಆಪರೇಷನ್ ಆಯಿತು. ಲ್ಯಾಬು ಈಗಲೂ ಅದೇ ಕಟ್ಟಡದಲ್ಲಿದೆ.