ಪಕ್ಕೆ ಗಟ್ಟಿ ಇರುವ ಟಯರು

ಅವರ ಎರಡೂ ಹೆಬ್ಬೆರಳುಗಳ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ರೇಷ್ಮೆ ಸೀರೆ ಉಟ್ಟು ಮದುವೆ ಊಟದ ಪಂಕ್ತಿಯಲ್ಲಿ ಕೂತಾಗಲೂ ಅದು ಹೋಗುತ್ತಿರಲಿಲ್ಲ. ದಾರಿಯಲ್ಲಿ ಯಾವ ಜೀಪು ನಿಂತಿರಲಿ, ಯಾವ ಪಿಕಪ್ಪು ನಿಂತಿರಲಿ, ಬಗ್ಗಿ ಅದರ ಟಯರಿನ ಪಕ್ಕೆಯನ್ನು ಎರಡೂ ಹೆಬ್ಬೆರಳಿಂದ ಒತ್ತಿ ನೋಡುವುದು ಅವರ ಅಭ್ಯಾಸ. ಹಲಸಿನಹಣ್ಣು ಆಗಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ ಒತ್ತುತ್ತಿದ್ದರು. ಗಾಡಿಯವನು ಗಾಬರಿಯಿಂದ ಬಂದು ಏನಾಯಿತೆಂದು ಕೇಳಿದರೆ "ಎಂತೂ ಇಲ್ಲೆ, ಸುಮ್ನೆ ನೋಡ್ದೆ" ಎಂದು ಹೊರಟುಬಿಡುತ್ತಿದ್ದರು.

ನಾವು ಶಿರಸಿಯ ಪಕ್ಕದ ಇಸಳೂರಿನಲ್ಲಿ ಮನೆ ಕಟ್ಟಿಸಿಕೊಂಡು ಬಂದಾಗ ಅವರು ಆಚೆಮನೆಯವರು. ಸಿದ್ದಾಪುರದ ಕಡೆ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ನಿವೃತ್ತರಾದವರು. ನಮ್ಮ ಕಡೆ ಟೀಚರಮ್ಮಂದಿರನ್ನು ಅಕ್ಕೋರು ಅನ್ನುತ್ತಾರಲ್ಲ, ಓಣಿಗೆಲ್ಲ ಅವರು ಅಕ್ಕೋರೇ. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ಅವರು, ಮಗ, ಸೊಸೆ, ಮತ್ತೆ ಅಂಗಳದಲ್ಲಿ ಒಂದು ಹಳೇ ಫೋರ್‌ವೀಲ್ ಜೀಪು. ನಾಲ್ವರಲ್ಲಿ ಹೆಚ್ಚು ಮರ್ಯಾದೆ ಜೀಪಿಗೇ ಎಂದು ಸೊಸೆ ನಗಾಡುತ್ತಿದ್ದಳು. ಮಳೆಗಾಲ ಮುಗಿದದ್ದೇ ಅಕ್ಕೋರು ಓಣಿಯ ಹೆಂಗಸರನ್ನು ಅದರಲ್ಲಿ ತುಂಬಿಕೊಂಡು ಹೊರಡುವರು. ಪರಿಚಯದವರ ಹುಲ್ಲಿನ ಬೇಣ, ಗದ್ದೆ, ಹಳ್ಳದ ದಂಡೆ ಹೀಗೆ ಎಲ್ಲಾದರೂ ಟೆಂಟು ಹಾಕಿ ಒಂದು ರಾತ್ರಿ ಉಳಿದು ಬರುವುದು. ಅಡಿಗೆಮನೆಯಿಂದ ಒಂದು ದಿನವೂ ಬಿಡುವು ಕಾಣದವರಿಗೆ ಆ ಒಂದು ರಾತ್ರಿ ಎಂಥದ್ದೆಂದು ಗಂಡಸರಿಗೆ ಹೇಳಿ ತಿಳಿಸುವುದು ಕಷ್ಟ.

ನಾನು ಬನವಾಸಿ ಕಡೆಯವಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ಅಕ್ಕೋರು ಮೊದಲ ಸಲ ನಮ್ಮ ಮನೆಗೆ ಬಂದದ್ದು ರವಿಕೆ ಬಟ್ಟೆ ಹಿಡಿದುಕೊಂಡಲ್ಲ, ದಪ್ಪ ಕ್ಯಾನ್ವಾಸಿನ ಒಂದು ಮೂಟೆ ಹೊತ್ತುಕೊಂಡು. ಜೀಪಿನ ಹಿಂಬದಿಗೆ ಕಟ್ಟಿ ಚಪ್ಪರದ ಹಾಗೆ ಎಳೆಯುವ ಹೊದಿಕೆ ಬೇಕಿತ್ತು. ನಾನು ನನ್ನ ಕೈಚಳಕವನ್ನೆಲ್ಲ ತೋರಿಸಿ, ರವಿಕೆಗೆ ಹಾಕುವ ಹಾಗೆ ಒತ್ತೊತ್ತಾಗಿ ಸಣ್ಣ ಹೊಲಿಗೆ ಹಾಕಿ ಕೊಟ್ಟೆ. ಅವರು ಹೊಗಳಿದರು. ಮಾರನೇ ದಿನ ಅದನ್ನು ತಾರಸಿಯ ಮೇಲೆ ಕಟ್ಟಿ, ಮೇಲಿನಿಂದ ಪೈಪಿನಲ್ಲಿ ನೀರು ಬಿಟ್ಟು, ಒಂದು ತುದಿ ಹಿಡಿದು ಜಗ್ಗಲು ನನಗೇ ಹೇಳಿದರು. ನನ್ನ ಚೆಂದದ ಹೊಲಿಗೆಯ ಗುಂಟ ಅದು ಪರ್‍ರನೆ ಹರಿಯಿತು. ಸೂಜಿ ಚುಚ್ಚಿದಲ್ಲೆಲ್ಲ ನೀರು ಇಳಿದು ಇಬ್ಬರೂ ತೊಯ್ದೆವು.

"ಬೇಜಾರು ಮಾಡ್ಕೊಳ್ಬೇಡ ಮಾರಾಯ್ತಿ. ಇಲ್ಲಿ ಹರಿದದ್ದು ಒಳ್ಳೇದೇ ಆಯ್ತು. ಹೊಲಿಗೆ ದೂರ ದೂರ ಹಾಕು, ಮೇಲಿಂದ ಜೇನುಮೇಣ ತಿಕ್ಕು" ಎಂದರು.

ಅದು ಅವರ ಪದ್ಧತಿ. ಮನೆಯಲ್ಲಿ ಸೋಲದೇ ಇದ್ದದ್ದು ಮಾತ್ರ ಜೀಪು ಹತ್ತಬೇಕು. ಹೊಸ ಬೂಟು ತಂದರೆ ಮಂಗಳವಾರದ ಸಂತೆಗೆ ಹಾಕಿಕೊಂಡು ಹೋಗಿ ತರಕಾರಿ ಹೊತ್ತು ತರಬೇಕು. ಹೊಸ ಸ್ಟೋವಿನಲ್ಲಿ ಅಂಗಳದಲ್ಲೇ ಗಾಳಿಗೆ ಕೂತು ಅನ್ನ, ಸಾರು ಮಾಡಬೇಕು. ಟೆಂಟು ತಂದರೆ ಆಷಾಢದ ಮಳೆಯಲ್ಲಿ ತಾರಸಿಯ ಮೇಲೆ ಅದರೊಳಗೆ ಮಲಗಬೇಕು. ಮಗ ಕಿಟಕಿಯಿಂದ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದ. ಹೋಗುವ ಜಾಗಕ್ಕೂ ಅದೇ ನಿಯಮ. ಮೊದಲು ಅವರೊಮ್ಮೆ ಹೋಗಿ ದಾರಿ ನೋಡಿ ಬಂದ ಮೇಲೆಯೇ ಉಳಿದವರನ್ನು ಕರೆದೊಯ್ಯುವುದು. ಹಾಗೆ ದಾರಿ ನೋಡಲು ಹೋಗುವಾಗ ಕ್ರಮೇಣ ನನ್ನನ್ನು ಕರೆದುಕೊಂಡು ಹೋಗತೊಡಗಿದರು.

ಟಯರಿನ ವಿಷಯದಲ್ಲಿ ಅವರಷ್ಟು ಜಿಪುಣತನ ಇಲ್ಲದವರನ್ನು ನಾನು ಕಂಡಿಲ್ಲ. ಉಳಿದದ್ದಕ್ಕೆಲ್ಲ ಲೆಕ್ಕಾಚಾರದವರೇ. ಒಂದು ಹಗ್ಗವನ್ನು ಗಂಟು ಹಾಕಿ ಹಾಕಿ ಬಳಸುವವರು. ಟಯರು ಕೊಳ್ಳುವಾಗ ಮಾತ್ರ ಅಂಗಡಿಯವನು ಮುಂದಿಟ್ಟದ್ದನ್ನೆಲ್ಲ ಒತ್ತಿ, ಬಡಿದು, ಮೂಸಿ, ಕೊನೆಗೆ ಒಂದನ್ನು ಒಪ್ಪುವರು. ನನಗೆ ದಪ್ಪ ದಪ್ಪ ಗುಬ್ಬಟೆಗಳಿದ್ದ ಟಯರೇ ಭಾರೀ ಗಟ್ಟಿ ಎಂದು ಕಾಣುತ್ತಿತ್ತು.

"ಅದೆಲ್ಲ ಮುಖ ಕಣೆ" ಎಂದರು ಒಮ್ಮೆ. "ಕೆಸರಿಗೆ ಬೇಕು, ಸುಳ್ಳಲ್ಲ. ಆದ್ರೆ ಮುಖ ಸವೆದ್ರೆ ಕಣ್ಣಿಗೆ ಕಾಣ್ತದೆ, ಟಯರು ಹೇಳಿ ಹೋಗ್ತದೆ. ಪಕ್ಕೆ ಒಡೆದ್ರೆ ಹೇಳದೇ ಹೋಗ್ತದೆ. ನಮ್ಮ ದಾರಿಲಿ ಚಿರೆಕಲ್ಲು, ಕಡಿದ ಬಿದಿರಿನ ಮೋಟು. ಎಲ್ಲ ಚುಚ್ಚೂದು ಪಕ್ಕೆಗೇ."

ಒಂದು ವರ್ಷ ಅರಬೈಲ್ ಘಟ್ಟದ ಕೆಳಗೆ, ಅಕ್ಕೋರ ಜೊತೆ ಕೆಲಸ ಮಾಡಿದ್ದ ಮೇಷ್ಟರೊಬ್ಬರ ಗದ್ದೆಗೆ ಹೋಗುವುದೆಂದು ಓಣಿಯಲ್ಲಿ ಮಾತಾಗಿತ್ತು. ದಾರಿ ನೋಡಲು ನಾವಿಬ್ಬರು ಬೆಳಿಗ್ಗೆಯೇ ಹೊರಟೆವು. ಹೆದ್ದಾರಿ ಬಿಟ್ಟು ಮಣ್ಣುರಸ್ತೆಗೆ ಇಳಿದು, ಟಯರಿನ ಗಾಳಿ ಸ್ವಲ್ಪ ಇಳಿಸಿ, ಹಳ್ಳ ದಾಟಿದ್ದೂ ಆಯಿತು. ಆಮೇಲೆ ಸಪಾಟು ದಾರಿ. ಬಲಬದಿಗೆ ಯಾರೋ ಮನೆ ಕಟ್ಟಲು ಇಳಿಸಿದ ಚಿರೆಕಲ್ಲಿನ ರಾಶಿ ಇತ್ತು. ಹಾಡಹಗಲು, ನನ್ನಂಥವಳಿಗೂ ದೂರದಿಂದಲೇ ಕಾಣುವಂಥ ರಾಶಿ. ಅಕ್ಕೋರು ನೇರ ಅದಕ್ಕೆ ಉಜ್ಜಿಕೊಂಡೇ ಹೋದರು. ಜೀಪು ಒಂದು ಕಡೆ ಎದ್ದು ಧಡ್ಡನೆ ಕೂತಿತು. ಮುಂದಿನ ಟಯರಿನ ಪಕ್ಕೆ ಅಂಗೈಯಗಲ ಸೀಳಿತ್ತು.

ಅವರು ಇಳಿದು ಬಂದು, ಕಲ್ಲಿನ ರಾಶಿಯನ್ನು ಕೈಯಿಂದ ಮುಟ್ಟಿ ನೋಡಿದರು.

"ಅಕ್ಕೋರ, ನಿಮಗಿದು ಕಾಣಲಿಲ್ಲೇನ್ರಿ?"

"ಇಲ್ಲ" ಎಂದರು. ಸೀಳಿದ ಪಕ್ಕೆಯ ಮೇಲೆ ಹೆಬ್ಬೆರಳು ಆಡಿಸುತ್ತ ಹೇಳಿದರು. "ಎದುರಿಂದು ಕಾಣ್ತದೆ. ಬದಿಯದ್ದು ಕಾಣೂದು ಕಡಿಮೆ ಆಗಿದೆ. ಕಣ್ಣೊಳಗೆ ಒತ್ತಡವಂತೆ. ಹೋದದ್ದು ವಾಪಸು ಬರೂದಿಲ್ಲ, ಇದ್ದದ್ದೂ ಹೋಗ್ತಾ ಬರ್ತದೆ ಅಂದ್ರು ಹುಬ್ಬಳ್ಳಿ ಡಾಕ್ಟರು. ಮನೇಲಿ ಹೇಳ್ಲಿಲ್ಲ. ಹೇಳಿದ್ರೆ ಕೀಲಿ ಕಸ್ಕೊಳ್ತಾರೆ."

ಇಬ್ಬರೂ ಸೇರಿ ಸ್ಟೆಪ್ನಿ ಹಾಕಿದೆವು. ಜಾಕು ಏರಿಸುವಾಗ, ನಟ್ಟು ಬಿಗಿಯುವಾಗ ಅವರು ಯಾವತ್ತಿನಂತೆ ಗದರುತ್ತಲೇ ಇದ್ದರು. ಕೆಲಸ ಮುಗಿದದ್ದೇ ಕೀಲಿಯನ್ನು ನನ್ನ ಕೈಯಲ್ಲಿ ಇಟ್ಟರು. "ಆ ಜಾಗದಲ್ಲಿ ಯಾರಾದ್ರೂ ಹುಡುಗ್ರು ಕೂತಿದ್ರೆ? ನಾ ಇನ್ನು ಹೊಡೆಯೂದಿಲ್ಲ" ಎಂದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೇಷ್ಟರಿಗೆ ಫೋನು ಮಾಡಿದೆವು. ಅವರೇ ಬಂದು ನಮ್ಮನ್ನೂ ಜೀಪನ್ನೂ ಇಸಳೂರಿಗೆ ಮುಟ್ಟಿಸಿದರು.

ವಿಷಯ ತಿಳಿದು ಮಗ ಬೈಯಲಿಲ್ಲ, ಪಾಪ. ಜೀಪು ಮಾರಿಬಿಡೋಣ ಎಂದ. ನನಗೂ ಅದೇ ಸರಿ ಅನಿಸಿತ್ತು. ಅಕ್ಕೋರು ಒಂದು ವಾರ ಜೀಪಿನ ಹತ್ತಿರವೂ ಹೋಗಲಿಲ್ಲ. ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು, ಅಥವಾ ನೋಡುತ್ತಿದ್ದಾರೆ ಎಂದು ನಾವು ಅಂದುಕೊಂಡಿದ್ದೆವು. ಅವರಿಗೆ ಆ ಜೀಪು ಇಲ್ಲದ ಮುಪ್ಪು ಹೇಗಿರುತ್ತದೆಂದು ಎಣಿಸಿ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಇದ್ದಕ್ಕಿದ್ದ ಹಾಗೆ ಮಗನ ಕೈಲಿ ಜೀಪನ್ನು ಟಯರಿನ ಅಂಗಡಿಗೆ ಹೊಡೆಸಿಕೊಂಡು ಹೊರಟರು. ಬಾ ಎಂದು ನನ್ನನ್ನೂ ಕೂರಿಸಿಕೊಂಡರು. ಮಾರುವ ಮುಂಚೆ ಹರಿದ ಟಯರು ಬದಲಿಸುತ್ತಾರೆ ಎಂದು ನಾನೂ ಮಗನೂ ತಿಳಿದಿದ್ದೆವು. ಅವರು ನಾಲ್ಕಕ್ಕೂ ಹೊಸದು ತೋರಿಸಲು ಹೇಳಿ, ಎಂದಿನಂತೆ ಒತ್ತುತ್ತ ಹೋದರು. ಈ ಸಲ ಕಣ್ಣು ಮುಚ್ಚಿಕೊಂಡೇ ಒತ್ತಿದರು. ಕೊನೆಗೆ ಅಂಗಡಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದರ ಮೇಲೆ ಕೈ ಇಟ್ಟರು.

"ಇದು ಸುಮಾರು ವರ್ಷ ಬರ್ತದೆ ಅಕ್ಕೋರೆ" ಎಂದ ಅಂಗಡಿಯವನು, ಅನುಮಾನದಲ್ಲೇ.

"ಬರ್ಲಿ ಅಂತ್ಲೇ ತಗೊಳ್ಳೂದು."

ಮಗನಿಗೆ ತಡೆಯಲಾಗಲಿಲ್ಲ. "ಆಯಿ, ನೀ ಇನ್ನು ಗಾಡಿ ಹೊಡಿತಿಲ್ಲೆ. ಈ ಟಯರು ಯಾರಿಗೆ?"

ಅಕ್ಕೋರು ನನ್ನ ಕಡೆ ಕೈ ತೋರಿಸಿದರು. "ಇವಳಿದ್ದಾಳಲ್ಲ, ಹೊಡೀತಾಳೆ."

"ನನಗ ಸ್ಕೂಟಿನೇ ನೆಟ್ಟಗ ಬರಂಗಿಲ್ರಿ ಅಕ್ಕೋರ!" ಎಂದೆ ನಾನು. ಅಂಗಡಿಯವನು ನಕ್ಕ, ಮಗನೂ ನಕ್ಕ.

ಅವರು ನಗಲಿಲ್ಲ. "ಕ್ಯಾನ್ವಾಸು ಹೊಲಿಯೂಕೆ ಬರ್ತಿತ್ತಾ ನಿಂಗೆ?" ಎಂದಷ್ಟೇ ಕೇಳಿ, ಟಯರು ಹಾಕಲು ಹೇಳಿದರು.

ನನ್ನ ಒಪ್ಪಿಗೆ ಕೇಳಿದ್ದರೆ ನಾನು ಖಂಡಿತ ಆಗುವುದಿಲ್ಲ ಎನ್ನುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಆ ಟಯರುಗಳು ಅಂಗಳದಲ್ಲಿ ಹೊಸ ರಬ್ಬರಿನ ವಾಸನೆ ಬೀರುತ್ತ ನಿಂತಿದ್ದಾಗ ನಾನು ಮಷೀನಿನ ಮುಂದೆ ಕೂತು ಅವುಗಳ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟೆ. ಆಮೇಲೆ ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಲೈಸೆನ್ಸು ಬಂದ ಮೇಲೆ ಅಕ್ಕೋರ ಪಾಠ ಶುರುವಾಯಿತು. ಮಗ್ಗುಲಲ್ಲಿ ಕೂತು ಬಾಯಿ ಬಿಡಲು ಬಿಡದಂತೆ ಗದರುವರು. ಗೇರು ಬದಲಿಸುವ ಮೊದಲೇ "ಈಗ" ಎನ್ನುವರು. ಗುಂಡಿಗೆ ಬಿದ್ದರೆ "ನಂಗೆ ಕಾಣೂದಿಲ್ಲ, ನಿಂಗೂ ಕಾಣೂದಿಲ್ವಾ?" ಎನ್ನುವರು. ನಾನೂ ಸುಮ್ಮನಿರುವವಳಲ್ಲ. ಎಷ್ಟೋ ಸಲ ರಸ್ತೆಯ ಬದಿಗೆ ನಿಲ್ಲಿಸಿ ಜಗಳ ಮುಗಿಸಿ ಮುಂದೆ ಹೋಗಿದ್ದೇವೆ. ಹೇರೂರಿನ ಕಡೆಯ ಕೆಸರಿನಲ್ಲಿ ಒಮ್ಮೆ ನಾನು ಜೀಪನ್ನು ಹೂತಾಗ ಇಳಿದು ತಳ್ಳಿ, ಮೈಯೆಲ್ಲ ರಾಡಿ ಮಾಡಿಕೊಂಡು, ಅದನ್ನು ವರ್ಷವಿಡೀ ಆಡಿಕೊಂಡರು.

ಹೀಗೆ ಓಣಿಯ ಹೆಂಗಸರ ತಿರುಗಾಟ ನಿಲ್ಲಲಿಲ್ಲ. ಅಕ್ಕೋರು ಎಡಸೀಟಿನವರಾದರು, ಅಷ್ಟೇ ವ್ಯತ್ಯಾಸ. ಕಡೆಕಡೆಗೆ ಅವರಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಜ್ವರದ ನೆಪವಾಗಿ, ಹೆಚ್ಚು ನರಳದೆ ಹೋಗಿಬಿಟ್ಟರು. ಜೀಪಿನ ಆರ್.ಸಿ. ಪುಸ್ತಕವನ್ನು ನನ್ನ ಹೆಸರಿಗೆ ಮಾಡಿಕೊಡಲು ಮಗನೇ ಓಡಾಡಿದ. ಇವತ್ತು ನಾನು ಯಾರನ್ನೂ ಕೇಳದೆ ಹೊರಗೆ ಹೊರಡುತ್ತೇನೆ, ಯಾರನ್ನಾದರೂ ಕರೆದುಕೊಂಡು ಹೋಗುತ್ತೇನೆ. ಇದು ಅವರು ಕೊಟ್ಟದ್ದು, ಬೇರೆ ಯಾರೂ ಕೊಟ್ಟದ್ದಲ್ಲ.

ಅವರ ಕೊನೆಯ ತಿರುಗಾಟ ಅದೇ ಅರಬೈಲ್ ಗದ್ದೆಗೆ. ವಾಪಸು ಬರುವಾಗ ನಾನು ಘಟ್ಟ ಹತ್ತಿಸುತ್ತಿದ್ದೆ. ಮುಂದೆ ಹಿಂದೆ ಅದಿರಿನ ಲಾರಿಗಳು, ಎದುರಿಗೆ ಟ್ಯಾಂಕರು. ಒಂದು ತಿರುವು ದಾಟಿತು, ಇನ್ನೊಂದು ದಾಟಿತು, ಎಡಗಡೆಯಿಂದ ಒಂದೂ ಗದರಿಕೆ ಬರಲಿಲ್ಲ. ನಾನು ಗೇರು ತಡಮಾಡಿ ಹಾಕಿದಾಗಲೂ ಸುಮ್ಮನಿದ್ದರು. ಹೆದರಿ ಹೊರಳಿ ನೋಡಿದೆ. ತಲೆಯನ್ನು ಹಿಂದಕ್ಕೆ ಒರಗಿಸಿ, ಬಾಯಿ ಅರ್ಧ ತೆರೆದುಕೊಂಡು ಅಕ್ಕೋರು ನಿದ್ದೆ ಹೋಗಿದ್ದರು. ಹಿಂದಿನ ಸೀಟಿನಿಂದ ಸೊಸೆ ಮುಂದೆ ಬಗ್ಗಿ, "ಮಾವ ಹೊಡೀವಾಗ್ಲೂ ಅತ್ತೆ ಒಂದು ದಿನ ಕಣ್ಣು ಮುಚ್ಚಿದ್ದಿಲ್ಲ" ಎಂದು ಪಿಸುಗುಟ್ಟಿದಳು. ನನ್ನ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಸ್ಟಿಯರಿಂಗಿನಿಂದ ಕೈ ತೆಗೆಯುವ ಹಾಗಿರಲಿಲ್ಲ. ಯಲ್ಲಾಪುರ ದಾಟಿ ಇಸಳೂರು ಮುಟ್ಟುವವರೆಗೂ ಗುಂಡಿಗಳನ್ನು ತಪ್ಪಿಸುತ್ತ, ಅವರಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಹೊಡೆದುಕೊಂಡು ಬಂದೆ.