ಸದ್ದಿಲ್ಲದ ಕೋವಿ

೧೯೪೧ರ ಜುಲೈ ತಿಂಗಳ ಎರಡನೆಯ ಶನಿವಾರ, ಬೆಂಗಳೂರಿನ ದಂಡು ಪ್ರದೇಶದ ಒಂದು ಬಂದೂಕಿನ ಅಂಗಡಿಯಲ್ಲಿ ನಾನು ನನ್ನ ಭಾವ ಚನ್ನಪ್ಪನವರಿಗಾಗಿ ಒಂದು ಪಾಯಿಂಟ್ ಟೂಟೂ ರೈಫಲನ್ನು ಆರಿಸಿದೆ. ಅಲ್ಲಿಯವರೆಗೆ ಸೊಳ್ಳೆ, ತಿಗಣೆಗಳನ್ನು ಬಿಟ್ಟರೆ ಯಾವ ಪ್ರಾಣಿಯನ್ನೂ ನಾನು ಕೊಂದವನಲ್ಲ. ಅವನ್ನೂ ಬರಿಗೈಯಲ್ಲೇ ಕೊಂದದ್ದು.

ಈ ಕೆಲಸ ನನಗೆ ಬಿದ್ದದ್ದು ನನ್ನ ಅಕ್ಕನ ದೆಸೆಯಿಂದ. "ದಿನಾ ಪೇಪರಲ್ಲಿ ಯುದ್ಧದ ಸುದ್ದಿ ಬರೀತಾನೆ, ಕೋವಿ ವಿಷಯ ಅವನಿಗೆ ಗೊತ್ತಿಲ್ದೆ ಇರ್ತದಾ?" ಎಂದು ಅವಳು ಗಂಡನಿಗೆ ಹೇಳಿದ್ದಳು. ನಾನು ಬರೆಯುತ್ತಿದ್ದುದು ನಿಜ. ತಂತಿಯಲ್ಲಿ ಬಂದ ಫಿರಂಗಿ, ಟ್ಯಾಂಕು, ಜಲಾಂತರ್ಗಾಮಿಗಳನ್ನೆಲ್ಲ ಮಧ್ಯಾಹ್ನದ ಕಾಫಿಯ ಹೊತ್ತಿನೊಳಗೆ ಕನ್ನಡಕ್ಕೆ ಇಳಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಅವುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಆದರೆ ತನ್ನ ತಮ್ಮನ ಬಗ್ಗೆ ಅಕ್ಕ ಹೇಳಿದ ಒಳ್ಳೆಯ ಮಾತನ್ನು ತಿದ್ದುವ ಧೈರ್ಯ ಯಾರಿಗಿರುತ್ತದೆ?

ಭಾವನವರ ಹೊಲ ಇರುವುದು ಜಡಿಗೇನಹಳ್ಳಿಯ ಆಚೆ, ಕೆರೆಯ ಕೆಳಗಲ್ಲ, ಏರಿಯ ಪಕ್ಕದ ಕೆಂಪು ನೆಲ. ಮಳೆಗಾಲಕ್ಕೆ ಕಡಲೆಕಾಯಿ. ಕಡಲೆಕಾಯಿ ನೆಲದೊಳಗೆ ಬೆಳೆಯುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಪಟ್ಟಣದವರಾದ ನಾವು ತಿಳಿದಿದ್ದೇವೆ. ನರಿಗೆ ಕಣ್ಣು ಬೇಕಿಲ್ಲ. ಬೆಳಗಿನ ಜಾವ ಬಂದು, ಗಿಡದ ಬುಡ ಕೆದಕಿ, ಬಲಿತ ಕಾಯಿಯನ್ನು ಮಾತ್ರ ಆರಿಸಿ ತಿಂದು, ಎಳೆಯದನ್ನು ನಾಳೆಗೆಂದು ಬಿಟ್ಟು ಹೋಗುತ್ತದೆ. ಇಷ್ಟು ಶಿಸ್ತು ನಮ್ಮ ಅಚ್ಚುಕೂಟದಲ್ಲಿ ಕೂಡ ಇಲ್ಲ.

ಅವುಗಳನ್ನು ಓಡಿಸಲು ಭಾವನವರ ತಾತನ ಕಾಲದ ಕೋವಿಯೊಂದಿತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದ ಕೋಲಿನಿಂದ ಜಡಿದು ಹೊಡೆಯುವಂಥದ್ದು. ಭಾವನವರ ತಾತನಾಗಲಿ ತಂದೆಯಾಗಲಿ ಅದರಿಂದ ಒಂದು ನರಿಯನ್ನೂ ಹೊಡೆದ ದಾಖಲೆಯಿಲ್ಲ. ಆದರೆ ಅದರ ಸದ್ದಿಗೆ ಏರಿಯ ಮೇಲಿನ ಕೊಕ್ಕರೆಗಳು ಎದ್ದು ಕೆರೆಗೆ ಒಂದು ಸುತ್ತು ಹಾಕಿ ಮತ್ತೆ ಕೂರುತ್ತಿದ್ದವು. ಹಿಂದಿನ ವರ್ಷ ಅದರ ನಳಿಗೆ ಬಿರುಕು ಬಿಟ್ಟಿತು. ಇನ್ನೊಂದು ಸಲ ಹೊಡೆದರೆ ನರಿಗಿಂತ ಮೊದಲು ಭಾವನವರೇ ಬೀಳುತ್ತಾರೆಂದು ಊರಿನ ಕಮ್ಮಾರ ಹೇಳಿದ. ಲೈಸೆನ್ಸು ಇದ್ದದ್ದು ಒಂದೇ ಕೋವಿಗೆ. ಹಳೆಯದನ್ನು ತಾಲ್ಲೂಕು ಕಚೇರಿಗೆ ಒಪ್ಪಿಸಿದ ಮೇಲೆಯೇ ಹೊಸದು.

ನಾನು ವಿಚಾರಣೆಗೆ ಹೊರಟೆ. ಕಿಸೆಯಲ್ಲಿ ಟಿಪ್ಪಣಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು. ನಮ್ಮ ಬೀದಿಯಲ್ಲಿದ್ದ ನಿವೃತ್ತ ಸುಬೇದಾರರೊಬ್ಬರು ಒಂದು ಭಾರೀ ರೈಫಲಿನ ಹೆಸರು ಹೇಳಿ, ಅದರ ಮುಂದೆ ನರಿಯೇನು, ಎಮ್ಮೆಯೂ ನಿಲ್ಲುವುದಿಲ್ಲ ಎಂದರು. ನಮ್ಮ ಭಾವನವರಿಗೆ ಎಮ್ಮೆಗಳ ಮೇಲೆ ಯಾವ ದ್ವೇಷವೂ ಇರಲಿಲ್ಲ. ಒಂದೇಟಿಗೆ ಹತ್ತಾರು ಸಣ್ಣ ಗುಂಡು ಚೆಲ್ಲುವ ಚರೆಯ ಬಂದೂಕು ಹೊಡೆದರೆ ನರಿಯ ಜೊತೆಗೆ ಗಿಡವೂ ಚಿಂದಿಯಾಗುತ್ತದೆ ಎಂದು ಪೊಲೀಸು ದಫೇದಾರರೊಬ್ಬರು ಹೇಳಿದರು. ಏರ್‌ಗನ್ನಿನಲ್ಲಿ ಹೊಡೆದರೆ ನರಿ ತಿರುಗಿ ನೋಡುತ್ತದೆ, ಅಷ್ಟೆ.

ಕೊನೆಗೆ ಅಂಗಡಿಯವರು ಈ ಸಣ್ಣ ರೈಫಲನ್ನು ತೆಗೆದು ಮೇಜಿನ ಮೇಲಿಟ್ಟರು. ಬೆಳಕಿಗೆ ಹಿಡಿದು ನಳಿಗೆಯ ಒಳಗನ್ನು ತೋರಿಸಿದರು. ಒಳಗೆ ತಿರುಚಿಕೊಂಡು ಹೋಗುವ ಗೆರೆಗಳು. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೆಟ್ಟಗೆ ಕಳಿಸುತ್ತವೆಯಂತೆ. ಗುಂಡು ಒಂದು ಕಡಲೆಬೀಜಕ್ಕಿಂತ ಸಣ್ಣದು. ಆದರೂ ಗುರಿ ತಪ್ಪಿದರೆ ಒಂದು ಮೈಲಿ ಹೋದೀತು ಎಂದರು. ಆಮೇಲೆ ದನಿ ತಗ್ಗಿಸಿ, "ಒಂದು ನರಿ ಬಿದ್ರೆ ಪಕ್ಕದಲ್ಲಿರೋ ನರಿಗೆ ಗೊತ್ತಾಗಲ್ಲ ಸ್ವಾಮಿ, ಅಷ್ಟು ಮೆತ್ತಗೆ" ಎಂದರು.

ಆ ಮಾತನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ.

ಭಾವನವರು ಆ ರೈಫಲನ್ನು ಹಚ್ಚಿಕೊಂಡದ್ದನ್ನು ಕಂಡು ಅಕ್ಕ ಸ್ವಲ್ಪ ಮುನಿಸಿಕೊಂಡಳಂತೆ. ಗಾಡಿಯ ಅಚ್ಚಿಗೆ ಹಾಕುವ ಹರಳೆಣ್ಣೆಯನ್ನೇ ಭಾವನವರು ಅದಕ್ಕೂ ಧಾರಾಳವಾಗಿ ಹಾಕಿದ್ದರಿಂದ ಅದರ ಗುಂಡು ತುಂಬುವ ಅಗುಳಿ ಅಂಟಿಕೊಂಡು, ಹಬೆಯಲ್ಲಿಟ್ಟು ಬಿಡಿಸಬೇಕಾಯಿತು. ಆಮೇಲೆ ಅವರ ಅಂಚೆ ಕಾರ್ಡುಗಳು ಬರತೊಡಗಿದವು. 'ಮೊಲ ಒಂದು.' 'ನರಿ ಒಂದು, ಗಂಡು.' 'ನರಿ ಇನ್ನೊಂದು.' ನಮ್ಮ ಯಾವ ಊರಿನ ಬಾತ್ಮೀದಾರನೂ ಇಷ್ಟು ಚೊಕ್ಕವಾಗಿ ಬರೆದು ಕಳಿಸಿದ್ದಿಲ್ಲ. ನಾನು ಹಿಗ್ಗಿದೆ.

ಆಯುಧಪೂಜೆಗೆ ಊರಿಗೆ ಹೋದಾಗ ರೈಫಲು ನೇಗಿಲಿನ ಪಕ್ಕದಲ್ಲಿ ಸೇವಂತಿಗೆ ಮುಡಿದು ಕೂತಿತ್ತು. ಗುರಿ ನೋಡುವ ಕಚ್ಚಿನ ಮೇಲೇ ಅಕ್ಕ ಕುಂಕುಮ ಇಟ್ಟಿದ್ದಳು. ಭಾವನವರು ಅದನ್ನು ಒರೆಸಲೂ ಆರದೆ, ಬಿಡಲೂ ಆರದೆ ನಿಂತಿದ್ದಾಗ ಬಾಗಿಲಲ್ಲಿ ಮುನಿಯಕ್ಕ ಕಾಣಿಸಿಕೊಂಡಳು. ಮುನಿಯಕ್ಕನದು ಭಾವನವರ ಹೊಲಕ್ಕೆ ತಗುಲಿದ ಅರ್ಧ ಎಕರೆ. ಗಂಡನಿಲ್ಲ. ವರ್ಷಕ್ಕೆ ಆ ಒಂದು ಕಡಲೆಕಾಯಿ ಬೆಳೆ ಬಿಟ್ಟರೆ ಅವಳಿಗೆ ಬೇರೆ ಬೆಳೆಯಿಲ್ಲ.

"ಏನ್ ಪೇಪರ್ನೋರೇ," ಎಂದಳು ನನಗೆ, "ಎಂಥಾ ಕೋವಿ ತಂದ್ಕೊಟ್ರಿ? ಕೆಮ್ಮೋಕೂ ಬರಾಕಿಲ್ಲ ಅದಕ್ಕೆ."

"ಯಾಕಕ್ಕ, ನರಿ ಬಿದ್ದೈತಲ್ಲ," ಎಂದರು ಭಾವ. "ಒಂದಲ್ಲ, ಎರಡು."

"ಬಿದ್ದಿದ್ದು ಎರಡು ಕಣಪ್ಪಾ ಚನ್ನಪ್ಪ. ಮಿಕ್ಕಿದ್ದೆಲ್ಲ ಬದು ದಾಟಿ ನನ್ ಹೊಲ್ದಾಗೆ ಪಂಕ್ತಿಗೆ ಕೂತವೆ. ಬಂದು ನೋಡು. ಬಡಿಸೋಕೆ ನಾನೊಬ್ಳೇ ಇದೀನಿ."

ನೋಡಿದೆವು. ಭಾವನವರ ಹೊಲದಲ್ಲಿ ಕೆದಕಿದ ಗುಂಡಿಗಳು ಅಲ್ಲೊಂದು ಇಲ್ಲೊಂದು. ಮುನಿಯಕ್ಕನ ಹೊಲದಲ್ಲಿ ಮೂರನೆಯ ಒಂದು ಪಾಲು ಉತ್ತ ಹಾಗಿತ್ತು. ಹಳೆಯ ಕೋವಿಯ ಸದ್ದಿಗೆ ನರಿಗಳು ಇಡೀ ಬಯಲನ್ನೇ ಬಿಟ್ಟು ಓಡುತ್ತಿದ್ದವು. ಆಗ ಮುನಿಯಕ್ಕ ಕಾವಲಿನ ಯೋಚನೆಯನ್ನೇ ಮಾಡಿರಲಿಲ್ಲ. ಈಗ ಒಂದು ಬಿದ್ದರೆ ಉಳಿದವು ಸುಮ್ಮನೆ ಪಕ್ಕಕ್ಕೆ ಸರಿಯುತ್ತಿದ್ದವು. ಅವಳು ಸೀಮೆಎಣ್ಣೆ ಡಬ್ಬ ಬಡಿದು ನೋಡಿದ್ದಳು. ಮೂರು ದಿನ ಹೆದರಿದ ನರಿಗಳು ನಾಲ್ಕನೆಯ ದಿನ ಅದು ಬರೀ ಡಬ್ಬವೆಂದು ಕಂಡುಕೊಂಡವು. ಭಾವನವರು ತಾವು ಕಾವಲು ಕೂರುವ ಅಟ್ಟಣೆಯಿಂದ ಆ ಕಡೆ ಹೊಡೆಯುವಂತಿರಲಿಲ್ಲ, ಏಕೆಂದರೆ ಬೆಳಗಿನ ಜಾವ ಅಲ್ಲಿ ಮುನಿಯಕ್ಕ ಕೂತಿರುತ್ತಿದ್ದಳು. ಗುಂಡು ಒಂದು ಮೈಲಿ ಹೋಗುತ್ತದೆಂದು ಅವರಿಗೆ ಹೆಮ್ಮೆಯಿಂದ ಹೇಳಿದವನು ನಾನೇ.

ಸುಬೇದಾರರನ್ನು ಕೇಳಿದ್ದೆ, ದಫೇದಾರರನ್ನು ಕೇಳಿದ್ದೆ, ಅಂಗಡಿಯವರ ಮಾತಿಗೆ ಗೆರೆ ಎಳೆದಿದ್ದೆ. ಪಕ್ಕದ ಹೊಲದವರನ್ನು ಕೇಳಿರಲಿಲ್ಲ. ಇಂಥ ವರದಿಯನ್ನು ಹೊಸ ಹುಡುಗರು ತಂದರೆ ನಾನು ಹಿಂದಕ್ಕೆ ಎಸೆಯುತ್ತೇನೆ.

ಭಾವನವರು ಬದುವಿನ ಮೇಲೆ ಕೂತುಬಿಟ್ಟರು. ಪೂಜೆಯಿಂದ ಎತ್ತಿ ತಂದಿದ್ದ ರೈಫಲನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮರವನ್ನು ಸವರಿದರು. "ವಾಪಸ್ ಕೊಟ್ಬಿಡ್ತೀನಿ ಕಣಯ್ಯಾ," ಎಂದರು ನನಗೆ. "ನನ್ ಕಾಯಿ ಉಳಿಸ್ಕೊಂಡು ಮುನಿಯಕ್ಕನ ಮುಖ ಹೆಂಗೆ ನೋಡ್ಲಿ?"

"ಕೊಟ್ರೆ ನರಿ ಇಬ್ರುದೂ ತಿಂತವೆ," ಎಂದಳು ಮುನಿಯಕ್ಕ. "ಅದೇನು ದೊಡ್ಡಸ್ತಿಕೆ? ಮ್ಯಾಕೆ ಏಳು. ನಿನ್ ಅಟ್ಟಣೆ ಕಿತ್ತು ನನ್ ಹೊಲ್ದಾಗೆ ನೆಡು. ಏರಿ ಕಡೆ ಮುಖ ಮಾಡ್ಕೊಂಡು ಹೊಡಿ. ನಾನು ನಿನ್ ಬೆನ್ನ ಹಿಂದೆ ಕೂತಿರ್ತೀನಿ."

"ಆಮೇಲೆ?"

"ಆಮೇಲೇನು? ಗುಂಡು ನೀನು ಹಾರ್ಸು. ಸದ್ದು ನಾನು ಮಾಡ್ತೀನಿ."

ಗುರಿಕಾರನಿಗೆ ಬೇಕಾದ ಮೊದಲನೆಯ ವಸ್ತು, ಗುರಿಯ ಹಿಂದೆ ಗುಂಡನ್ನು ತಡೆಯುವಂಥ ಒಂದು ದಿಬ್ಬ. ಇದನ್ನು ಆಮೇಲೆ ಸುಬೇದಾರರು ನನಗೆ ಒಪ್ಪಿ ಹೇಳಿದರು. ಮುನಿಯಕ್ಕನ ಹೊಲದ ಹಿಂದೆ ಕೆರೆಯ ಏರಿಯೇ ಇತ್ತು.

ಮರುದಿನವೇ ಅಟ್ಟಣೆ ಬದು ದಾಟಿತು. ಅದರಿಂದ ಭಾವನವರ ಬೆನ್ನು ಅವರ ಸ್ವಂತ ಹೊಲದ ಕಡೆಗಾಯಿತು. ಹೊಂದಾಣಿಕೆಗೆ ಒಂದು ವಾರ ಹಿಡಿಯಿತು. ಮೊದಮೊದಲು ಭಾವನವರು ಕೋವಿಯ ಕುದುರೆ ಎಳೆಯುವ ಮುನ್ನವೇ ಮುನಿಯಕ್ಕ ಡಬ್ಬ ಬಡಿದು, ನರಿ ಓಡಿ, ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು.

"ತಡ್ಕೋ ಅಕ್ಕ, ಉಸಿರು ಹಿಡ್ದಿದೀನಿ!"

"ನೀನು ಉಸಿರು ಹಿಡ್ಕೊಂಡು ಕೂತ್ರೆ ನರಿ ಊಟ ಮುಗ್ಸಿ ಕೈ ತೊಳೀತದೆ, ಹೊಡಿಯೋ!"

ಆಮೇಲೆ ಕೈ ಕೂಡಿಬಂತು. ರೈಫಲು ಟಕ್ಕೆಂದ ಗಳಿಗೆಯಲ್ಲೇ ಡಬ್ಬ ಏರಿಗೆಲ್ಲ ಕೇಳಿಸುವಂತೆ ಕೂಗತೊಡಗಿತು. ಒಂದು ನರಿ ಬಿದ್ದಿತು. ಆ ಡಬ್ಬವನ್ನು ಬರೀ ಡಬ್ಬವೆಂದು ತಿಳಿದಿದ್ದ ಉಳಿದವು ತಮ್ಮ ಅಭಿಪ್ರಾಯವನ್ನು ಬದಲಾಯಿಸಿಕೊಂಡವು. ಮುನಿಯಕ್ಕನ ಡಬ್ಬ ಭಾವನವರ ಬೆನ್ನ ಹಿಂದಿನ ಹೊಲವನ್ನೂ ಕಾಯಿತು. ತೋಟಾಗಳು ಹೆಚ್ಚು ಖರ್ಚಾಗಲಿಲ್ಲ. ನಾನು ಕೊನೆಯ ಸಲ ಹೋದಾಗ ಅಟ್ಟಣೆಯ ಮೇಲೆ ಇಬ್ಬರಿಗೂ ಅಕ್ಕನೇ ರಾಗಿರೊಟ್ಟಿ ಒಯ್ದು ಕೊಡುತ್ತಿದ್ದಳು. ರೈಫಲಿಗೆ ಮುನಿಯಕ್ಕ ಒಂದು ಹೆಸರಿಟ್ಟಿದ್ದಳು. ಭಾವನವರು ಅದನ್ನು ನನಗೆ ಹೇಳಲಿಲ್ಲ.

ಕಾರ್ತಿಕದ ಎರಡನೆಯ ವಾರ ಮುನಿಯಕ್ಕನ ಹೊಲದಲ್ಲಿ ಕಡಲೆಕಾಯಿ ಕಿತ್ತರು. ನರಿ ತಿಂದ ಪಾಲು ಹೋಗಿ ಐದು ಮೂಟೆ ಬಂತು. ಅದರ ಮರುವಾರ ಭಾವನವರದು. ನಿನ್ನೆ ಬಂದ ಕಾರ್ಡಿನಲ್ಲಿ ಅವರು ಬರೆದಿರುವುದಿಷ್ಟು: ನರಿಗಳು ಈಗ ತೆಂಕಲ ಕಡೆ ಹನುಮಂತಪ್ಪನ ಹೊಲದಲ್ಲಿವೆ, ಅವನದು ತಡವಾಗಿ ಬಿತ್ತಿದ್ದು, ಇನ್ನೂ ಕಿತ್ತಿಲ್ಲ, ಮುನಿಯಕ್ಕನ ಹತ್ತಿರ ಮಾತಾಡಬೇಕೆಂದು ಭಾನುವಾರ ಬರುತ್ತಾನಂತೆ.